ಬೆಕ್ಕಿಗೆ ಸೂಜಿ ಹಾಕಿದ ಬಾಯಾರು

ಬಾಯಾರ ಎಡಗೈ ತುಂಬ ಹಸಿರು ಬಳೆ, ಬಲಗೈ ಪೂರಾ ಬೋಳು. ಆ ಬೋಳು ಕೈಯ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೂ ಗೀರುಗಳು. ಕೆಲವು ಹಳೆಯವು, ಬೆಳ್ಳಗಾಗಿದ್ದವು. ಕೆಲವು ನಿನ್ನೆ ಮೊನ್ನೆಯವು, ಇನ್ನೂ ಕೆಂಪಗಿದ್ದವು. ಇಳಕಲ್ಲಿನ ನಮ್ಮ ನೇಕಾರರ ಓಣಿಗೆ ಅವರು ಬಾಡಿಗೆಗೆ ಬಂದ ದಿನ ನಮ್ಮ ಅತ್ತೆ ನೋಡಿದ್ದು ಅವರ ಮುಖವನ್ನಲ್ಲ, ಆ ಕೈಯನ್ನು. ನೋಡಿ ಸುಮ್ಮನಿರುವ ಜೀವವಲ್ಲ ಅದು. ಸಾಮಾನು ಇಳಿಸುವ ಮೊದಲೇ ಹೋಗಿ ಕೇಳಿಬಿಟ್ಟರು.

"ಏನವಾ ಬಾಯಿ, ಒಂದ ಕೈಗೆ ಬಳಿ ಯಾಕ ಇಲ್ಲ?"

"ಈ ಕೈ ಎಮ್ಮಿ ಹೊಟ್ಟ್ಯಾಗ ಮೊಣಕೈ ಮಟಾ ಹಾಕ್ತೇನ್ರಿ ಅತ್ತಿ. ಬಳಿ ಒಳಗ ಉಳೀತಂದ್ರ ನಾಳೆ ಕರಾ ಬಳಿ ಇಟಗೊಂಡ ಹುಟ್ಟೀತು."

ಅತ್ತೆ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ, ರೊಟ್ಟಿ ಸೀದು ಹೋಯಿತು.

ಅವರು ದನದ ದವಾಖಾನೆಯಲ್ಲಿ ಇನ್‌ಸ್ಪೆಕ್ಟರ್. ಜನ ಡಾಕ್ಟರ್ ಬಾಯಾರೇ ಅಂತ ಕರೆದರೆ ಪ್ರತಿ ಸಲವೂ ತಿದ್ದುತ್ತಿದ್ದರು. "ಡಾಕ್ಟರ್ ಒಳಗ ಅದಾರ, ನಾ ಇನ್‌ಸ್ಪೆಕ್ಟರ್" ಅನ್ನುತ್ತಿದ್ದರು. ಗುಡೂರಿನವರು, ಕುರಿ ಸಾಕುವ ಮನೆತನ. ಆ ಮನೆಯಿಂದ ಸರಕಾರಿ ನೌಕರಿಗೆ ಬಂದ ಮೊದಲನೆಯ ಹೆಣ್ಣುಮಗಳು. ಮದುವೆ ಮಾಡಿಕೊಂಡಿರಲಿಲ್ಲ, ಯಾಕೆಂದು ಕೇಳಿದವರಿಗೆ ಉತ್ತರ ಕೊಟ್ಟಿರಲೂ ಇಲ್ಲ. ಮುಂಜಾನೆ ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿಕೊಂಡು, ಹೆಗಲಿಗೆ ನೀಲಿ ಬಣ್ಣದ ಐಸ್ ಡಬ್ಬಿ ಹಾಕಿಕೊಂಡು, ಸ್ಕೂಟಿ ಹತ್ತಿ ಹೊರಟರೆ ಹಿಂದೆ ನೋಡುತ್ತಿರಲಿಲ್ಲ. ಹಟ್ಟಿಯ ಬಾಗಿಲಲ್ಲಿ ಒಬ್ಬರೇ ನಿಂತು ಹಿಂಡುಗಟ್ಟಲೆ ಕುರಿಗಳಿಗೆ ಸೂಜಿ ಹಾಕಿ ಬರುವ ಹೆಂಗಸು, ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಸಕ್ಕರೆ ಹೆಚ್ಚಾಯಿತೆಂದು ಚಹಾ ತಿರುಗಿ ಕೊಡುತ್ತಿದ್ದರು.

ನಾನು ಆ ಓಣಿಯ ಸೊಸೆ. ನೆಲದಲ್ಲಿ ಕುಣಿ ತೋಡಿ ಹೂಡಿದ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತೇನೆ. ಅತ್ತೆ ಲಾಳಿಯ ಕಂಡಕಿಗೆ ನೂಲು ಸುತ್ತುತ್ತಾರೆ, ನಮ್ಮ ಮನೆಯವರು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಾರೆ. ಆಗ ನಮಗೆ ನೂಲು ಕೊಡುತ್ತಿದ್ದವರು ಓಣಿಯ ತುದಿಯ ದೊಡ್ಡ ಮನೆಯ ಸಾವಕಾರರು. ಓಣಿಯ ಹೆಚ್ಚುಕಡಿಮೆ ಎಲ್ಲ ಮಗ್ಗಗಳಿಗೂ ಅವರದೇ ನೂಲು. ಅವರು ಮನಸ್ಸು ಮಾಡಿದರೆ ಮಗ್ಗ ಆಡುತ್ತದೆ, ಮುಖ ತಿರುಗಿಸಿದರೆ ನಿಲ್ಲುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ.

ಇನ್ನು ಬೆಕ್ಕು. ನೂಲಿಗೆ ಗಂಜಿ ಹಾಕುತ್ತೇವೆ, ಗಂಜಿಯ ವಾಸನೆಗೆ ಇಲಿ ಬರುತ್ತದೆ. ಒಂದೇ ಒಂದು ಇಲಿ ಮಗ್ಗಕ್ಕೆ ಬಿಗಿದ ನೂಲಿನ ಹಾಸಿನ ಮೇಲೆ ಓಡಾಡಿದರೆ ಎರಡು ವಾರದ ಕೆಲಸ ಹಾಳು. ಅದಕ್ಕೇ ನಮ್ಮ ಓಣಿಯಲ್ಲಿ ಬೆಕ್ಕಿಲ್ಲದ ಮನೆಯಿಲ್ಲ. ಆದರೆ ತಮಾಷೆ ನೋಡಿ, ಬೆಕ್ಕು ಇರುವ ಮನೆಯೂ ಇಲ್ಲ! ನಾಯಿಯನ್ನು ಸಾಕುತ್ತೇವೆ, ಎಮ್ಮೆಯನ್ನು ಕಟ್ಟುತ್ತೇವೆ, ಬೆಕ್ಕು ತಾನೇ ಬರುತ್ತದೆ, ಅಷ್ಟೇ. ಐದು ಮನೆಯಲ್ಲಿ ಉಣ್ಣುತ್ತದೆ, ಐದೂ ಮನೆಯವರು "ನಮ್ಮದಲ್ಲ" ಅನ್ನುತ್ತಾರೆ. ನಮ್ಮದು ಅಂದರೆ ಅದು ಪಕ್ಕದ ಮನೆಯಲ್ಲಿ ಕುಡಿದ ಹಾಲೂ ನಮ್ಮ ಕುತ್ತಿಗೆಗೆ, ಯಾರದೋ ಹಾಸಿಗೆಯ ಮೇಲೆ ಹಾಕಿದ ಮರಿಯೂ ನಮ್ಮ ಕುತ್ತಿಗೆಗೆ. ಹಾಗಾಗಿ ದುಡಿಸಿಕೊಳ್ಳಲು ಎಲ್ಲರದು, ಕೇಳಲು ಬಂದರೆ ಯಾರದೂ ಅಲ್ಲ. ನಾನೂ ಹಾಗೇ ಇದ್ದೆ, ಸುಳ್ಳು ಯಾಕೆ ಹೇಳಲಿ.

ನೇಯುವವರ ಕೈಗೆ ಒಂದು ಚಟವಿದೆ. ಎಳೆಯ ತುದಿ ಕಂಡರೆ ಕೈ ಸುಮ್ಮನಿರುವುದಿಲ್ಲ. ನಮ್ಮ ಸೀರೆಯಲ್ಲಿ ಸೆರಗಿನ ಹಾಸು ಬೇರೆ, ಮೈಯ ಹಾಸು ಬೇರೆ; ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಆ ಕೆಲಸ ಮಾಡಿ ಮಾಡಿ, ಮದುವೆಮನೆಯಲ್ಲಿ ಗುರುತಿಲ್ಲದ ಹೆಂಗಸಿನ ಕುಪ್ಪಸದಿಂದ ದಾರ ಜೋತು ಬಿದ್ದರೂ ಎಳೆದು ತೆಗೆದುಬಿಡುತ್ತೇವೆ, ಆಮೇಲೆ ಬೈಸಿಕೊಳ್ಳುತ್ತೇವೆ. ಬಾಯಾರು ಬಂದ ವರ್ಷ ನಮ್ಮಲ್ಲಿ ಓಡಾಡಿಕೊಂಡಿದ್ದ ಕರಿ ಗಂಡು ಬೆಕ್ಕು ಎರಡು ದಿನ ಏನೂ ಮುಟ್ಟದೆ ಮಗ್ಗದ ಕುಣಿಯ ಮೂಲೆ ಹಿಡಿದು ಕೂತಿತು. ಮೂರನೆಯ ದಿನ ನೋಡಿದರೆ ಅದರ ಬಾಲದ ಕೆಳಗೆ ಗೇಣುದ್ದ ಕೆಂಪು ರೇಷ್ಮೆ ಎಳೆ ಜೋತು ಬಿದ್ದಿದೆ. ನನಗೆ ನಗು ಬಂತು. ಎಡಗೈಯಲ್ಲಿ ಬೆಕ್ಕನ್ನು ಹಿಡಿದೆ, ಬಲಗೈಯಲ್ಲಿ ಎಳೆ ಜಗ್ಗಿದೆ. ಸ್ವಲ್ಪ ಬಂತು, ಆಮೇಲೆ ಬಿಗಿಯಿತು. ಇನ್ನೊಂದು ಸಲ ಜಗ್ಗಿದೆ. ಆಗ ಅದು ಕೂಗಿದ ಕೂಗಿಗೆ ಅತ್ತೆಯ ಕೈಯಿಂದ ಕಂಡಕಿ ಬಿತ್ತು.

ಓಡಿ ಹೋಗಿ ಬಾಯಾರನ್ನು ಕರೆದುಕೊಂಡು ಬಂದೆ. ಅವರು ಮುಟ್ಟಲಿಲ್ಲ. ಮೊದಲು ಮೊಣಕಾಲೂರಿ ಕೂತು ನೋಡಿದರು. ಆಮೇಲೆ ಮೆಲ್ಲಗೆ ಅದರ ಬಾಯಿ ತೆರೆದು, ನಾಲಿಗೆಯನ್ನು ಬೆರಳಿನಿಂದ ಮೇಲೆತ್ತಿ ನನಗೂ ತೋರಿಸಿದರು. ನಾಲಿಗೆಯ ಬುಡಕ್ಕೆ ಅದೇ ಕೆಂಪು ಎಳೆ ಸುತ್ತಿಕೊಂಡಿತ್ತು.

"ಯಾರು ಜಗ್ಗಿದ್ರು?"

"ನಾನ್ರಿ."

"ಒಂದು ತುದಿ ಇಲ್ಲಿ, ಒಂದು ತುದಿ ಅಲ್ಲಿ, ನಡುವ ಕರಳು. ಹಿಂದಿಂದ ಜಗ್ಗಿದ್ರ ಏನಾಕ್ಕೈತಿ? ದಾರಾ ಕರಳು ಕೊಯ್ತೈತಿ."

"ಜಗ್ಗದಿದ್ರ ಉಳೀತಿತ್ತೇನ್ರಿ?"

ಅವರು ಸುಳ್ಳು ಹೇಳಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಹೇಳುತ್ತಿದ್ದರು.

"ಡಾಕ್ಟರು ಹೊಟ್ಟಿ ತಗದು ನೋಡಿದ್ರ ಉಳದ್ರೂ ಉಳೀತಿತ್ತು. ಈಗ ಹೇಳಾಕ ಬರೂದಿಲ್ಲ. ಆದ್ರ ಜಗ್ಗಿದ್ದು ನೀನ."

ದವಾಖಾನೆಗೆ ಒಯ್ದೆವು, ಡಾಕ್ಟರೂ ನೋಡಿದರು, ಮರುದಿನ ಬೆಕ್ಕು ಸತ್ತಿತು. ನನಗೆ ಬೆಕ್ಕಿನ ದುಃಖಕ್ಕಿಂತ ಬಾಯಾರ ಮೇಲಿನ ಸಿಟ್ಟೇ ದೊಡ್ಡದಾಯಿತು. ಸಮಾಧಾನದ ಒಂದು ಮಾತು ಆಡಿದ್ದರೆ ಅವರ ಗಂಟು ಹೋಗುತ್ತಿತ್ತೇ? ಅತ್ತೆಯ ಚಿಂತೆ ಬೇರೆಯೇ. ಬೆಕ್ಕು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅನ್ನುತ್ತಾರಲ್ಲ, ಅದು ಅವರ ತಲೆ ಹೊಕ್ಕಿತು. "ಬಂಗಾರ ಎಲ್ಲಿಂದ ತರೂಣವಾ, ಬೆಳ್ಳಿದ ನಡೀತೈತೇನು ಯಾರನ್ನರ ಕೇಳೂಣ" ಎಂದು ಕಟ್ಟೆಯ ಮೇಲೆ ಕೂತು ಗೋಳಾಡುತ್ತಿದ್ದರು. ಬಾಯಾರು ಸ್ಕೂಟಿ ನಿಲ್ಲಿಸಿ ಕೇಳಿಸಿಕೊಂಡರು.

"ಬಂಗಾರನೂ ಬ್ಯಾಡ, ಬೆಳ್ಳಿನೂ ಬ್ಯಾಡ್ರಿ ಅತ್ತಿ. ಮುಂದ ಬರೂ ಬೆಕ್ಕಿಗೆ ಕಾಲಕಾಲಕ್ಕ ಸೂಜಿ ಹಾಕಸ್ರಿ, ಜಂತಿನ ಔಷಧ ಕುಡಸ್ರಿ, ನೆಲದ ಮ್ಯಾಲ ಎಳಿ ಬಿಡಬ್ಯಾಡ್ರಿ. ಆ ಪಾಪ ಅಲ್ಲಿಗೇ ತೀರ್ತೈತಿ."

"ಇಕಿ ಯಾವ ಮಠದ ಸ್ವಾಮಿ, ಪಾಪ ತೀರಸಾಕ!" ಅಂತ ಅತ್ತೆ ಒಳಗೆ ಹೋದರು. ನಾನು ಒಂದು ತಿಂಗಳು ಬಾಯಾರ ಜೊತೆ ಮಾತು ಬಿಟ್ಟೆ. ಅವರು ಬಿಡಲಿಲ್ಲ. ದಿನಾ ಮುಂಜಾನೆ ಸ್ಕೂಟಿ ಮೇಲಿಂದಲೇ "ಎದ್ದೇನವಾ?" ಅನ್ನುವರು. ನಾನು ನೀರು ಚೆಲ್ಲಿ ಒಳಗೆ ಹೋಗುತ್ತಿದ್ದೆ.

ಆ ತಿಂಗಳಲ್ಲೇ ಗೋಮಿ ಬಂದಳು. ಮುಷ್ಟಿಯಷ್ಟು ಮರಿ. ಮೈಯ ಎರಡೂ ಬದಿಗೆ ನಮ್ಮ ಸೀರೆಯಂಚಿನ ಗೋಮಿ ದಡಿಯಂಥ ಗೆರೆಗಳಿದ್ದವು, ಹಾಗಾಗಿ ಆ ಹೆಸರು. ಒಂದು ದಿನ ನಾನು ನೇಯುತ್ತಿದ್ದಾಗ ಕಡಿದು ಬಿದ್ದ ಎಳೆಯೊಂದನ್ನು ಅದು ಪಂಜದಿಂದ ಹೊಡೆದು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಎಳೆಯನ್ನು ಕಸಿದುಕೊಂಡು, ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನೇರ ಬಾಯಾರ ಬಾಗಿಲಿಗೆ ಹೋದೆ. "ಇದಕ್ಕ ಏನೇನು ಮಾಡಬೇಕು ಹೇಳ್ರಿ" ಅಂದೆ. ಮಾತು ಬಿಟ್ಟಿದ್ದರ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಸೂಜಿ ಹಾಕಿಸಲು ದನದ ದವಾಖಾನೆಗೆ ಒಯ್ದೆ. ಬೆಕ್ಕಿನದೇ ಆದ ಬೇರೆ ರೋಗಗಳ ಸೂಜಿಯನ್ನು ಬಾಯಾರು ಮೊದಲೇ ಬಾಗಲಕೋಟೆಯಿಂದ ಐಸ್ ಡಬ್ಬಿಯಲ್ಲಿ ತಂದು ಹಾಕಿಸಿದ್ದರು. ದವಾಖಾನೆಯ ಅಂಗಳದಲ್ಲಿ ಎಮ್ಮೆ, ಹೋರಿ, ಆಡು. ಅವುಗಳ ನಡುವೆ ನಾನು, ತರಕಾರಿ ಚೀಲದಿಂದ ತಲೆ ಹೊರಗೆ ಹಾಕಿದ ಗೋಮಿ. ಎಮ್ಮೆ ಹಿಡಿದುಕೊಂಡು ನಿಂತಿದ್ದ ಗೌಡರೊಬ್ಬರು ಕೇಳಿದರು.

"ಬೆಕ್ಕಿಗೆ ಏನಾಗೈತವಾ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಬಾಯಾರ ದನಿ ಬಂತು. "ಏನೂ ಆಗಿಲ್ಲ. ಅದಕ್ಕ ಬಂದಾಳ. ನಿಮ್ಮ ಎಮ್ಮಿನೂ ಏನೂ ಆಗದಾಗ ತಂದಿದ್ರ ಇವತ್ತ ಹಿಂಗ ಮಾರಿ ಸಣ್ಣ ಮಾಡಿಕೊಂಡು ನಿಂದರ್ತಿದ್ದಿಲ್ಲ."

ಸೂಜಿಯಾದ ಮೇಲೆ ಕಾರ್ಡು ತುಂಬಲು ಕೂತರು. ಪ್ರಾಣಿ: ಬೆಕ್ಕು. ಬಣ್ಣ, ವಯಸ್ಸು ಎಲ್ಲ ಬರೆದರು. ಮಾಲೀಕರ ಹೆಸರು ಅನ್ನುವಲ್ಲಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬೆಕ್ಕನ್ನು ಹೆಸರಿಗೆ ಬರೆಸಿಕೊಂಡರೆ ಅತ್ತೆ ಏನಂದಾರು, ಓಣಿ ಏನಂದೀತು ಅಂತ ನನಗೆ ಅಳುಕು.

"ಓಣಿದು ಅಂತ ಬರಕೋರಿ" ಅಂದೆ.

"ಓಣಿಗೆ ಸಹಿ ಮಾಡಾಕ ಬರ್ತೈತೇನು?"

ಅವರು ಆ ಜಾಗ ಖಾಲಿ ಬಿಟ್ಟು ಕಾರ್ಡು ನನ್ನ ಕೈಗಿಟ್ಟರು. "ನಿನಗ ಬಾಯಿ ಬಂದ ದಿನ ನೀನ ತುಂಬು" ಅಂದರು. ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಅಲ್ಲಿಂದ ಮುಂದೆ ನಮ್ಮ ಮನೆ ಅವರ ಸಾಲೆಯಾಯಿತು. ತಿಂಗಳಿಗೊಮ್ಮೆ ನೂಲು ತೂಗುವ ತಕ್ಕಡಿಯಲ್ಲಿ ಗೋಮಿಯನ್ನು ತೂಗಬೇಕು. ಕುಂಕುಮ ಹಚ್ಚಿ ಪೂಜೆ ಮಾಡುವ ತಕ್ಕಡಿಯಲ್ಲಿ ಬೆಕ್ಕೇ ಎಂದು ಅತ್ತೆ ಹಣೆ ಬಡಿದುಕೊಂಡರು. "ಸರಸ್ವತಿಗೂ ಸಿಟ್ಟು ಬರೂದಿಲ್ಲ, ಲಕ್ಷ್ಮಿಗೂ ಬರೂದಿಲ್ಲ, ನಿಮಗಷ್ಟ ಬರ್ತೈತಿ ನೋಡ್ರಿ" ಅಂದರು ಬಾಯಾರು. ಒಸಡು ಕೆಂಪಗಿದೆಯೋ ಬಿಳಿಚಿದೆಯೋ ನೋಡಬೇಕು, ಕಿವಿಯೊಳಗೆ ನೋಡಬೇಕು, ನಾಲಿಗೆಯ ಕೆಳಗಂತೂ ನೋಡಲೇಬೇಕು. ಒಮ್ಮೆ ಗೋಮಿಯ ಮೈ ಬಿಸಿಯಾಗಿದೆಯೆಂದು ಅತ್ತೆ ತಾವು ನುಂಗುವ ಜ್ವರದ ಗುಳಿಗೆಯನ್ನು ಅರ್ಧ ಮುರಿದು ಬೆಲ್ಲದಲ್ಲಿ ಇಡುತ್ತಿದ್ದರು. ಬಾಯಾರು ಅದನ್ನು ಕಸಿದು ಗಟಾರಕ್ಕೆ ಎಸೆದರು. ಮನುಷ್ಯರಿಗೆ ಜ್ವರ ಇಳಿಸುವ ಗುಳಿಗೆ ಬೆಕ್ಕಿಗೆ ವಿಷವಂತೆ. ನಮಗೆ ಯಾರು ಹೇಳಿದ್ದರು? ಮಗ್ಗದ ಕಂಬಕ್ಕೆ ಅವರೇ ಒಂದು ಮುಚ್ಚಳದ ಡಬ್ಬಿ ಕಟ್ಟಿ, ಕಡಿದ ಎಳೆಯೆಲ್ಲ ಅದರೊಳಗೇ ಬೀಳಬೇಕೆಂದು ತಾಕೀತು ಮಾಡಿದರು. ಓಣಿಯ ಗಂಡಸರು ನಕ್ಕರು. ನಗುವವರ ಮನೆಗೂ ಹೋಗಿ ಒಂದೊಂದು ಡಬ್ಬಿ ಕಟ್ಟಿ ಬಂದರು.

"ಮೊದ್ಲ ಕಣ್ಣಿಂದ ನೋಡು, ಆಮ್ಯಾಲ ಕೈ ಹಚ್ಚು" ಅನ್ನುವುದು ಅವರು ಸದಾ ಆಡುವ ಮಾತು. ನಾವು ಕೈಯಿಂದಲೇ ನೋಡುವ ಜನ, ಕಲಿಯಲು ಬಹಳ ದಿನ ಹಿಡಿಯಿತು.

ಎರಡು ವರ್ಷ ಹೀಗೇ ನಡೆಯಿತು. ಒಂದು ಬೇಸಿಗೆಯಲ್ಲಿ ಹುನಗುಂದದ ರಸ್ತೆಯ ಕಡೆ ಹುಚ್ಚುನಾಯಿ ಓಡಾಡುತ್ತಿದೆಯೆಂಬ ಸುದ್ದಿ ಹಬ್ಬಿತು. ಅದೇ ವಾರ ಗೋಮಿ ಸಾವಕಾರರ ಮನೆಯ ದೇವರಕೋಣೆಗೆ ನುಗ್ಗಿ ನೈವೇದ್ಯದ ಹಾಲಿಗೆ ಬಾಯಿ ಹಾಕಿದ್ದಾಳೆ. ಸಾವಕಾರರ ಹೆಂಡತಿ ಕುತ್ತಿಗೆ ಹಿಡಿದು ಎತ್ತಲು ಹೋಗಿ ಕೈಗೆ ಗೀರಿಸಿಕೊಂಡರು. ಅವರನ್ನು ಮಂದಿಯ ದವಾಖಾನೆಗೆ ಒಯ್ದು ಹುಚ್ಚಿನ ಸೂಜಿ ಶುರು ಮಾಡಿಸಿದರು. ಸಂಜೆ ಸಾವಕಾರರು ಓಣಿಯವರನ್ನೆಲ್ಲ ತಮ್ಮ ಅಂಗಳಕ್ಕೆ ಕರೆಸಿದರು.

"ಕೊಲ್ಲೂದಿಲ್ಲ, ಆ ಪಾಪ ನಮಗ್ಯಾಕ" ಅಂದರು. "ನಾಳೆ ಮುಂಜಾನೆ ಟಂಟಂ ಗಾಡಿ ಬರ್ತೈತಿ. ಓಣ್ಯಾಗಿನ ಬೆಕ್ಕೆಲ್ಲಾ ಚೀಲದಾಗ ತುಂಬ್ರಿ. ಕೂಡಲಸಂಗಮದ ಆಚಿ, ಹೊಳಿ ದಾಟಿಸಿ ಬಿಟ್ಟು ಬರ್ತಾರ."

ಹೊಳೆ ದಾಟಿಸಿದ ಬೆಕ್ಕು ತಿರುಗಿ ಮನೆಗೆ ಬರುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ. ಯಾರೂ ಎದುರು ಮಾತಾಡಲಿಲ್ಲ. ಹೇಗೆ ಆಡುತ್ತಾರೆ? ಎಲ್ಲರ ಮಗ್ಗದ ಮೇಲೂ ಅವರ ನೂಲು. ಮೇಲಾಗಿ ಬೆಕ್ಕು ಯಾರದೂ ಅಲ್ಲವಲ್ಲ. ನಾನು ಹೆಂಗಸರ ಸಾಲಿನಲ್ಲಿ ಅತ್ತೆಯ ಪಕ್ಕ ನಿಂತಿದ್ದೆ. ಗೋಮಿ ಮನೆಯಲ್ಲಿ ಹಾಸಿನ ಕೆಳಗೆ ಮಲಗಿದ್ದಳು. ನಾಳೆ ಈ ಹೊತ್ತಿಗೆ ಅವಳು ಗೊತ್ತಿಲ್ಲದ ಊರಿನ ಹೊಲದಲ್ಲಿ ಇರುತ್ತಾಳೆ.

ಅಷ್ಟರಲ್ಲಿ ಬಾಯಾರ ಸ್ಕೂಟಿ ಬಂತು. ಕೆಲಸದಿಂದ ಬರುತ್ತಿದ್ದವರು ಗುಂಪು ನೋಡಿ ನಿಂತರು. ವಿಷಯ ಕೇಳಿ, ಹೆಲ್ಮೆಟ್ಟು ತೆಗೆಯದೆಯೇ ಸಾವಕಾರರ ಮುಂದೆ ಬಂದರು.

"ಗೀರಿದ ಬೆಕ್ಕು ಹೊಳಿ ದಾಟಿತಂದ್ರ, ಅದು ಹುಚ್ಚ ಹಿಡದು ಸತ್ತೈತೋ, ಇಲಿ ತಿಂದುಕೊಂಡು ಆರಾಮ ಐತೋ, ಯಾರು ನೋಡೋರ್ರಿ? ಅದನ್ನ ಹತ್ತ ದಿನ ಕಣ್ಣ ಮುಂದ ಇಟಗೋಬೇಕು, ಹುಚ್ಚಿದ್ರ ಅಷ್ಟರಾಗ ತಿಳೀತೈತಿ. ನಿಮ್ಮ ಮನಿ ಅಕ್ಕಾರ ಸೂಜಿ ಒಂದೂ ತಪ್ಪಬಾರ್ದು, ಬೆಕ್ಕೂ ತಪ್ಪಿಸಿಕೋಬಾರ್ದು. ಉಳದ ಬೆಕ್ಕಿಗೆಲ್ಲಾ ಸೂಜಿ ಹಾಕೂಣ. ಅವನ್ನ ಕಳಿಸಿದ್ರ ಇಲಿ ಬರ್ತಾವ, ಇಲಿ ಹಿಂದ ಸೂಜಿ ಇಲ್ಲದ ಹೊಸಾ ಬೆಕ್ಕು ಬರ್ತಾವ. ಆಗ ಯಾವ ಹೊಳಿ ದಾಟಸ್ತೀರಿ?"

"ಭಾಷಣ ಸಾಕ ಬಾಯಾರ. ಹತ್ತ ದಿನ ಯಾರ ಮನ್ಯಾಗ ಇಡೂದು ಅದನ್ನ? ಯಾರದದು? ಯಾರದೈತಿ ಹೇಳ್ರಿ, ಮುಂದ ಬರ್ಲಿ."

ಬಾಯಾರು ನನ್ನ ಕಡೆ ನೋಡಲಿಲ್ಲ. ಇದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಅವರಿಗೆ ಗೊತ್ತಿತ್ತು, ಕಾರ್ಡು ನನ್ನ ಹತ್ತಿರ ಇತ್ತು, ಒಂದು ಮಾತು ಅಂದಿದ್ದರೆ ಸಾಕಿತ್ತು. ಅವರು ಸಾವಕಾರರ ಮನೆಯ ಗೋಡೆ ನೋಡುತ್ತ ನಿಂತರು. ನೋಡಿದ್ದರೆ ನಾನು ತಲೆ ತಗ್ಗಿಸುತ್ತಿದ್ದೆನೋ ಏನೋ.

"ನಂದ್ರಿ" ಅಂದೆ.

"ಏನಂದಿ?"

"ಬೆಕ್ಕು ನಂದ್ರಿ. ಗೀರಿದ್ದೂ ನನ್ನ ಬೆಕ್ಕ. ವರ್ಷಾ ಸೂಜಿ ಹಾಕಿಸೇನಿ, ಕಾರ್ಡ ಐತಿ. ಹತ್ತ ದಿನ ನಮ್ಮ ಮನ್ಯಾಗ ಇಡ್ತೇನಿ."

ಸಾವಕಾರರು ಎದ್ದು ನಿಂತರು. "ನನ್ನ ನೂಲು ನೇಯ್ದು ಉಣ್ಣಾಕಿ, ನನ್ನ ಅಂಗಳದಾಗ ನಿಂತು ನನಗ ಎದರ ಮಾತಾಡ್ತಿ?"

"ನೂಲು ನಿಮ್ಮದ್ರಿ. ಬೆಕ್ಕು ನಂದು."

ಆ ಮಾತು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಅನುಮಾನ. ಓಡಿ ಹೋಗಿ ಕಾರ್ಡು ತಂದೆ. ಬಾಯಾರು ಪೆನ್ನು ಕೊಟ್ಟರು. ಸಾವಕಾರರ ಗೋಡೆಗೇ ಕಾರ್ಡು ಒತ್ತಿ ಹಿಡಿದು ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದೆ. ಅಕ್ಷರ ಸೊಟ್ಟಗಾದವು. ಆಗ ಅತ್ತೆ ಮುಂದೆ ಬಂದರು. ನನ್ನ ಕಪಾಳಕ್ಕೆ ಬಿತ್ತು ಅಂದುಕೊಂಡೆ.

"ನನ್ನ ಹೆಸರೂ ಬರಿ" ಅಂದರು. "ಇಕಿ ಒಬ್ಬಾಕಿದ ಹೆಂಗಾತದು? ದಿನಾ ಮುಂಜಾನೆ ಹಾಲು ಹಾಕಾಕಿ ನಾನು."

ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಹಿಂದಿನಿಂದ ಒಂದು ದನಿ: "ಆ ಬಿಳಿ ಬೆಕ್ಕು ನಮ್ಮದ್ರಿ ಬಾಯಾರ." ಇನ್ನೊಂದು: "ಮೋಟ ಬಾಲದ್ದು ನಮ್ಮದು." ಅರ್ಧ ತಾಸಿನಲ್ಲಿ ಓಣಿಯ ಬೆಕ್ಕುಗಳಿಗೆಲ್ಲ ಮನೆಯಾಯಿತು. ಇಷ್ಟು ವರ್ಷ ಯಾರದೂ ಅಲ್ಲದ ಒಂದು ಬೂದಿ ಬೆಕ್ಕಿಗೆ ಇಬ್ಬರು ಹೆಂಗಸರು ಜಗಳಕ್ಕೆ ಬಿದ್ದರು. ಸಾವಕಾರರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಹೊತ್ತು ಹುಟ್ಟುತ್ತಲೇ ಟಂಟಂ ಬಂತು, ಅದರ ಹಿಂದೆಯೇ ದವಾಖಾನೆಯ ಡಾಕ್ಟರೂ ಸೂಜಿಯ ಡಬ್ಬಿ ಹಿಡಿದು ಬಂದರು. ಬಾಯಾರು ಫೋನಿನಲ್ಲಿ ಅವರ ಜೊತೆ ಎಷ್ಟು ಹೊತ್ತು ಜಗಳಾಡಿದ್ದರೋ. ಹಳೆಯ ಸೀರೆಯಲ್ಲಿ ಬೆಕ್ಕನ್ನು ಸುತ್ತಿ, ತಲೆಯಷ್ಟೇ ಹೊರಗೆ ಬಿಟ್ಟು ಹಿಡಿಯುವುದನ್ನು ಹೆಂಗಸರಿಗೆ ತೋರಿಸಿಕೊಟ್ಟರು. ಒಂದೊಂದೇ ಮನೆಯ ಬಾಗಿಲಲ್ಲಿ ಸೂಜಿ ನಡೆಯಿತು. ಸಾಲೆಯ ನೋಟ್‌ಬುಕ್ಕಿನಲ್ಲಿ ಬೆಕ್ಕಿನ ಗುರುತು ಬರೆಸುವಾಗ ನಮ್ಮವರು ಸೀರೆ ವರ್ಣಿಸಿದ ಹಾಗೆ ವರ್ಣಿಸಿದರು: ಮೈ ಕರಿ, ಸೆರಗು ಬಿಳಿ, ದಡಿ ಕೆಂಪು. ಡಾಕ್ಟರಿಗೆ ಅರ್ಥವಾಗಲಿಲ್ಲ, ಬಾಯಾರು ಹಾಗೇ ಬರೆದುಕೊಂಡರು. ನಡುವೆ ಒಬ್ಬಳು ಜಾಣೆ, ಸೂಜಿಯಾದದ್ದು ಗುರುತಿಗಿರಲಿ ಅಂತ ತನ್ನ ಬೆಕ್ಕಿನ ಕುತ್ತಿಗೆಗೆ ಹಳದಿ ರೇಷ್ಮೆ ಎಳೆ ಕಟ್ಟಿಬಿಟ್ಟಿದ್ದಳು. "ಮತ್ತ ದಾರಾ! ಇಷ್ಟ ಹೇಳಿದ್ರೂ ಮತ್ತ ದಾರಾ!" ಎಂದು ಬಾಯಾರು ಕೂಗಿದ್ದು ಓಣಿಯ ತುದಿಗೆ ಕೇಳಿತು. ಟಂಟಂ ಡ್ರೈವರ್ ಎರಡು ಸಲ ಚಹಾ ಕುಡಿದು ಖಾಲಿ ಚೀಲ ಹೊತ್ತು ಹೋದ.

ಹತ್ತು ದಿನ ಗೋಮಿಯನ್ನು ಒಳಗೇ ಇಟ್ಟೆ. ಬಾಯಾರು ದಿನಾ ಕೆಲಸಕ್ಕೆ ಹೋಗುವ ಮೊದಲು ಬಂದು ಅವಳು ನೀರು ಕುಡಿಯುವುದನ್ನು ನಿಂತು ನೋಡುತ್ತಿದ್ದರು. ಸಾವಕಾರರ ಮನೆಗೂ ಹೋಗಿ, ಬಾಗಿಲು ತೆರೆಯದಿದ್ದರೂ ಹೊರಗಿನಿಂದಲೇ "ಅಕ್ಕಾರ, ಇವತ್ತ ಸೂಜಿ ದಿನ ಐತಿ" ಅಂತ ನೆನಪು ಮಾಡಿ ಬರುತ್ತಿದ್ದರು. ಹತ್ತನೆಯ ದಿನ ಗೋಮಿ ಒಂದು ಇಲಿ ಹಿಡಿದು ತಂದು ಅವರ ಚಪ್ಪಲಿಯ ಮೇಲೆ ಇಟ್ಟಳು. "ಇದಕ್ಕಿಂತ ಆರಾಮ ಇರೂದು ಹೆಂಗ?" ಅಂದರು.

ಬೆಕ್ಕು ಉಳಿಯಿತು, ನೂಲು ನಿಂತಿತು. ಮಗ್ಗದ ಮೇಲಿದ್ದ ಸೀರೆ ಮುಗಿದ ಮೇಲೆ ಸಾವಕಾರರ ಮನೆಯಿಂದ ಹೊಸ ಹಾಸು ಬರಲಿಲ್ಲ. ಎರಡು ತಿಂಗಳು ಕುಣಿ ಖಾಲಿ. ಒಂದು ದಿನ ತಡೆಯಲಾರದೆ ಬಾಯಾರ ಮನೆಗೆ ಹೋಗಿ ಕೂಗಾಡಿದೆ.

"ನಿಮ್ಮ ಮಾತು ಕೇಳಿ ನನ್ನ ಮಗ್ಗ ಬಂದ್ ಆತು ನೋಡ್ರಿ!"

ಅವರು ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನಾ ಏನ ಹೇಳಿದ್ನಿ? ಅವತ್ತ ನಾ ನಿನ್ನ ಕಡೆ ನೋಡೂ ಇಲ್ಲ. ಆಡಿದಾಕಿ ನೀನು. ಅದು ನಿನ್ನ ಮಾತು ತಂಗಿ, ನನ್ನ ಮ್ಯಾಲ ಹಾಕಿ ಸಣ್ಣದು ಮಾಡಬ್ಯಾಡ."

ಬೇರೆಯವರಾಗಿದ್ದರೆ ಪಾಪ ಅಂದು ಒಂದು ಚೀಲ ಜೋಳ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ರೊಟ್ಟಿ ತಿನ್ನಿಸಿ ಕಳಿಸಿದರು, ಅಷ್ಟೇ. ನಾನು ಅವತ್ತು ಸಿಟ್ಟಿನಲ್ಲೇ ಹೋಗಿ ನೇಕಾರರ ಸಂಘದ ಬಾಗಿಲು ತಟ್ಟಿದೆ. ನಾಲ್ಕು ಸಲ ತಿರುಗಿಸಿದರು, ಐದನೆಯ ಸಲ ನೂಲು ಕೊಟ್ಟರು. ಇವತ್ತಿಗೂ ನನ್ನ ಮಗ್ಗ ಆ ನೂಲಿನ ಮೇಲೆ ನಡೆಯುತ್ತಿದೆ. ಸಾವಕಾರರು ಎದುರಿಗೆ ಬಂದರೆ ನಮಸ್ಕಾರ ಮಾಡುತ್ತೇನೆ, ದಾರಿ ಬಿಟ್ಟು ಸರಿಯುವುದಿಲ್ಲ.

ಮರುವರ್ಷ ಬಾಯಾರಿಗೆ ಬಾದಾಮಿಯ ಕಡೆ ವರ್ಗವಾಯಿತು. ಸಾವಕಾರರ ಅರ್ಜಿ ಮೇಲೆ ಹೋಗಿತ್ತೋ, ಅವರ ಸರದಿಯೇ ಬಂದಿತ್ತೋ, ನನಗೆ ಗೊತ್ತಿಲ್ಲ. ಓಣಿಯ ಹೆಂಗಸರು ಅಳುತ್ತ ನಿಂತಿದ್ದೆವು. ಅವರು ಗಾಡಿಗೆ ಸಾಮಾನು ಏರಿಸುತ್ತ ನಮ್ಮನ್ನೇ ಬೈದರು.

"ಅಳೂದೇನೈತಿ? ಬಾದಾಮ್ಯಾಗ ಬೆಕ್ಕಿಲ್ಲೇನು?"

ಆಮೇಲೆ ಭೇಟಿ ಕಡಿಮೆ. ವರ್ಷಕ್ಕೊಮ್ಮೆ, ಗೋಮಿಯ ಸೂಜಿಯ ವಾರದಲ್ಲಿ, ತಪ್ಪದೆ ಫೋನು ಬರುತ್ತಿತ್ತು. ನಾನು ಹೇಗಿದ್ದೇನೆ ಅಂತ ಕೇಳುತ್ತಿರಲಿಲ್ಲ. "ಆತೇನು?" ಅಂತ ಒಂದೇ ಮಾತು. ಆಯ್ತು ಅಂದರೆ "ಹಾಂ" ಅಂದು ಇಟ್ಟುಬಿಡುತ್ತಿದ್ದರು. ಆ "ಹಾಂ"ಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ ಅಂದರೆ ನೀವು ನಗಬಹುದು, ನಗಿ.

ಹೋದ ವರ್ಷ ಜೋಳದ ರಾಶಿಯ ಹೊತ್ತಿಗೆ ಒಂದು ಮುಂಜಾನೆ ಅವರ ನಂಬರಿನಿಂದ ಫೋನು ಬಂತು. ಗಂಡಸಿನ ದನಿ.

"ಗೋಮಿ ಅಕ್ಕಾರೇನ್ರಿ? ನಾ ಅಕ್ಕನ ತಮ್ಮ ಮಾತಾಡೂದು. ಫೋನಿನಾಗ ನಿಮ್ಮ ಹೆಸರಿತ್ತು, ಅದಕ್ಕ ಹಚ್ಚಿದ್ನಿ. ಅಕ್ಕ ನಸಿಕಿನ್ಯಾಗ ಎದಿ ಹಿಡದು ಹೋದ್ಲು."

ನಾನು ಗೋಮಿಯಲ್ಲ ಅಂತ ತಿದ್ದಲಿಲ್ಲ. ಅತ್ತೆಯನ್ನು ಕರೆದುಕೊಂಡು ಸಿಕ್ಕ ಬಸ್ಸು ಹತ್ತಿ ಅವರ ಊರು ಗುಡೂರಿಗೆ ಹೋದೆ. ದಾರಿಯಲ್ಲಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಊರ ಎಮ್ಮೆ, ಕುರಿ, ಬೆಕ್ಕುಗಳ ಎದೆಗೆಲ್ಲ ಕಿವಿಗೊಟ್ಟ ಹೆಂಗಸು, ಯಾವುದಾದರೂ ದವಾಖಾನೆಯ ಸಾಲಿನಲ್ಲಿ ತಾನೂ ಒಂದು ಸಲ ನಿಲ್ಲಬಾರದಿತ್ತೇ? ಯಾರನ್ನು ಕೇಳಲಿ?

ಅವರ ಹೊಲದಲ್ಲೇ ಕುಣಿ ತೆಗೆದಿದ್ದರು. ಕುರಿ ಕಾಯುವವರು, ದವಾಖಾನೆಯವರು, ಊರ ಮಂದಿ, ಬಹಳ ಜನ ಸೇರಿದ್ದರು. ದೇಹ ಇಳಿಸಿದ ಮೇಲೆ ಹಿರಿಯರೊಬ್ಬರು ಕೈ ಎತ್ತಿ ಎಲ್ಲರನ್ನೂ ಹಿಂದೆ ಸರಿಸಿದರು.

"ಮೊದ್ಲ ಮನಿಯವರಷ್ಟ ಬಂದು ಮಣ್ಣು ಹಾಕ್ರಿ. ಉಳದವರು ಹಿಂದ ನಿಂದರ್ರಿ."

ತಮ್ಮ ಹೋದರು, ತಮ್ಮನ ಹೆಂಡತಿ ಹೋದರು. ನಾನೂ ಹೋದೆ. ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವ್ಯಾರವಾ? ಯಾವ ಊರವರು?"

"ನಾವು ಇಳಕಲ್ಲದವರ್ರಿ, ಅವರ ಓಣ್ಯಾಗ..." ಅಂತ ಅತ್ತೆ ಹಿಂದಿನಿಂದ ಶುರು ಮಾಡಿದರು. ನಾನು ಅವರ ಕೈ ಹಿಡಿದು ಒತ್ತಿದೆ.

"ಮನಿಯಾಕಿ ಅದೀನ್ರಿ" ಅಂದೆ.

ಹಿರಿಯರು ತಮ್ಮನ ಮುಖ ನೋಡಿದರು. ತಮ್ಮ ನನ್ನ ಮುಖ ನೋಡಿದರು. ನಾನು ಬಾಗಿ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡೆ. ತಡೆಯುವವರು ತಡೆಯಲಿ ಅಂತ ನಿಧಾನವಾಗಿಯೇ ಹಾಕಿದೆ.